ಶಾಲಿಗಿಂತ ಮೊದಲು ಡಿಸ್ಚಾರ್ಜ್ ಬುಕ್ ನೋಡಿ

ಒಂದು ಗೋದಾಮಿಗೆ ಜನರನ್ನು ಆರಿಸಿಕೊಳ್ಳುವ ಕೆಲಸ ನನ್ನದು. ಮೊದಲ ಸಲ ಮಾಜಿ ಸೈನಿಕರೊಬ್ಬರು ಅರ್ಜಿ ಹಾಕಿದಾಗ ನಾನು ಜಾಸ್ತಿ ಯೋಚಿಸಲೇ ಇಲ್ಲ. ಗೇಟಿಗೆ ಸೆಕ್ಯೂರಿಟಿ ಬೇಕಿತ್ತು, ಅವರನ್ನು ಹಾಕಿದೆ. ಜನವರಿ 26ಕ್ಕೆ ಶಾಲು ಹೊದಿಸಿ ಫೋಟೋ ತೆಗೆದೆವು. ಗೌರವ ಅಂದರೆ ಅಷ್ಟೇ ಅಂದುಕೊಂಡಿದ್ದೆ.

ಎಂಟು ತಿಂಗಳಾದ ಮೇಲೆ ಯಾವುದೋ ದಾಖಲೆಗಾಗಿ ಅವರ ಡಿಸ್ಚಾರ್ಜ್ ಬುಕ್, ಅಂದರೆ ಸೇನೆ ಬಿಡುವಾಗ ಕೊಡುವ ಸೇವಾ ದಾಖಲೆಯ ಪುಸ್ತಕ ತೆರೆದೆ. ಇಎಂಇಯಲ್ಲಿ, ಅಂದರೆ ಸೇನೆಯ ಯಂತ್ರ, ವಾಹನಗಳ ರಿಪೇರಿ ನೋಡುವ ವಿಭಾಗದಲ್ಲಿ, ಹವಾಲ್ದಾರ್. 17 ವರ್ಷ ಸೇನೆಯ ಗಾಡಿಗಳನ್ನು ರಿಪೇರಿ ಮಾಡಿದವರು. ನಮ್ಮ ಫೋರ್ಕ್‌ಲಿಫ್ಟ್ ಕೆಟ್ಟರೆ ನಾವು ಹೊರಗಿನ ಮೆಕ್ಯಾನಿಕ್‌ಗಾಗಿ ದಿನಗಟ್ಟಲೆ ಕಾಯುತ್ತಿದ್ದೆವು. ಇವರು ಗೇಟಿನಲ್ಲಿ ಕೂತು ಲಾರಿ ನಂಬರ್ ಬರೆಯುತ್ತಿದ್ದರು! ಯಾಕೆ ಹೇಳಲಿಲ್ಲ ಸರ್ ಅಂತ ಕೇಳಿದೆ. "ಕೊಟ್ಟ ಡ್ಯೂಟಿ ಮಾಡ್ತಿದ್ದೆ ಮೇಡಂ" ಅಂದರು. ಅವತ್ತು ನನಗೆ ನಿದ್ದೆ ಬರಲಿಲ್ಲ.

ಮುಂದಿನ ವಾರವೇ ಅವರನ್ನು ರಿಪೇರಿ ವಿಭಾಗಕ್ಕೆ ಕರೆದುಕೊಂಡೆ. ಸಂದರ್ಶನದ ರೀತಿಯನ್ನೂ ಬದಲಿಸಿದೆ. ಮಾಜಿ ಸೈನಿಕರು ಯಾವಾಗಲೂ "ನಾವು ಮಾಡಿದ್ವಿ" ಅನ್ನುತ್ತಾರೆ, "ನಾನು" ಅನ್ನುವುದೇ ಇಲ್ಲ. ನಿಮ್ಮ ಸಾಮರ್ಥ್ಯ ಏನು ಅಂತ ಕೇಳಿದರೆ ಸುಮ್ನೆ ಕೂರುತ್ತಾರೆ. ಈಗ ನಾನು ಬೇರೆ ಥರ ಕೇಳುತ್ತೇನೆ. ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು? ಸ್ಟೋರ್ ಲೆಕ್ಕ ಯಾರು ಇಡುತ್ತಿದ್ದರು? ಕೊನೆಯ ಪೋಸ್ಟಿಂಗ್‌ನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಏನು ಕೆಲಸ? ಕಾಲಾಳು ಪಡೆಯ ಹವಾಲ್ದಾರ್ ಅಂದರೆ ಸುಮಾರು ಹತ್ತು ಜನರ ಸೆಕ್ಷನ್ ನಡೆಸಿದವರು. ನಮ್ಮ ಶಿಫ್ಟ್ ಸೂಪರ್‌ವೈಸರ್ ಮಾಡುವುದೂ ಅದನ್ನೇ ಅಲ್ವಾ?

ಸಂಬಳದ ವಿಷಯದಲ್ಲಿ ಜಗಳವೇ ಆಯಿತು. "ಅವರಿಗೆ ಪೆನ್ಷನ್ ಬರುತ್ತಲ್ಲ, ಕಡಿಮೆ ಕೊಟ್ಟರೆ ಸಾಕು" ಅಂದರು ಮೇಲಿನವರೊಬ್ಬರು. ನಾನು ಒಪ್ಪಲಿಲ್ಲ. ಪೆನ್ಷನ್ ಬರುವುದು ಮುಗಿಸಿದ ಕೆಲಸಕ್ಕೆ, ಸಂಬಳ ಇವತ್ತಿನ ಕೆಲಸಕ್ಕೆ. ಜವಾನರು ಹೆಚ್ಚಾಗಿ ನಲವತ್ತರ ಆಸುಪಾಸಿನಲ್ಲೇ ಹೊರಬರುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ.

ಕೆಲಸ ಖಾಲಿಯಾದಾಗ ಈಗ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ತಿಳಿಸುತ್ತೇನೆ. ಹೊಸಬರಿಗೆ ಹಳೆಯ ಮಾಜಿ ಸೈನಿಕರೊಬ್ಬರನ್ನು ಜೊತೆ ಮಾಡುತ್ತೇವೆ. "ಬೇಗ ನೋಡಿ" ಅನ್ನದೆ "ನಾಲ್ಕು ಗಂಟೆಯೊಳಗೆ" ಅಂತ ಹೇಳಲು ನಮ್ಮ ಮ್ಯಾನೇಜರ್‌ಗಳೂ ಕಲಿತರು. ಎಷ್ಟು ಜನರನ್ನು ಕೊಂದಿದ್ದೀರಿ ಅಂತ ಯಾರೂ ಕೇಳಬಾರದು, ತಮಾಷೆಗೂ ಕೇಳಬಾರದು. ಇದನ್ನು ಎಲ್ಲರಿಗೂ ಖಡಾಖಂಡಿತವಾಗಿ ಹೇಳಿದ್ದೇನೆ.

ಜನವರಿ 14 ನಮ್ಮ ದೇಶದಲ್ಲಿ ಮಾಜಿ ಸೈನಿಕರ ದಿನ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ದಿನ ಅದು. ಆ ದಿನ ಏನು ಮಾಡೋಣ ಅಂತ ಈಗ ನಮ್ಮಲ್ಲಿರುವ ಮಾಜಿ ಸೈನಿಕರನ್ನೇ ಕೇಳುತ್ತೇವೆ. ಒಬ್ಬರಿಗೆ ವೇದಿಕೆ ಹತ್ತುವುದು ಇಷ್ಟವಿಲ್ಲ. ಬಲವಂತ ಮಾಡುವುದಿಲ್ಲ.

ಕಳೆದ ಸಲ ನಮ್ಮ ಹವಾಲ್ದಾರ್ ಸಾಹೇಬರು ತಿಂಗಳಿಗೆ ಅರ್ಧ ದಿನ ಬಿಡುವು ಕೇಳಿದರು. ಸೈನಿಕರ ವಿಧವೆಯರಿಗೆ ಪೆನ್ಷನ್ ಕಾಗದ ಸರಿಮಾಡಿಕೊಡಬೇಕಂತೆ. ಸೇನೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಅಷ್ಟಕ್ಕೇ ಎಲ್ಲ ನಿಂತುಬಿಡುತ್ತದೆ. ಸಂಬಳ ಕಡಿಯದೆ ಬಿಡುವು ಕೊಟ್ಟೆವು. ಆ ಮಧ್ಯಾಹ್ನ ನಮ್ಮ ಮೀಟಿಂಗ್ ರೂಮ್, ಪ್ರಿಂಟರ್ ಎರಡೂ ಆ ತಾಯಂದಿರಿಗೆ.