ಬೆಳಗಾವಿಯಿಂದ ಚಾರ್ಲ್ಸ್ ಕೊರಿಯಾ ಕಟ್ಟಡಗಳಿಗೆ: ಮೂರು ಹಗಲು, ಎರಡು ರಾತ್ರಿ ಬಸ್ಸು

ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ (1930–2015) ಅವರ ಕಟ್ಟಡಗಳನ್ನು ನೋಡಲು ಹೊರಡುವವರಿಗೆ ಬೆಳಗಾವಿಯಷ್ಟು ಅನುಕೂಲದ ಊರು ಕಡಿಮೆ. ಘಟ್ಟ ಇಳಿದರೆ ಪಣಜಿಯ ಕಲಾ ಅಕಾಡೆಮಿ, ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಪುಣೆಯ ಖಗೋಳ ವಿಜ್ಞಾನ ಕೇಂದ್ರ ಆಯುಕಾ, ಅಲ್ಲಿಂದ ಮುಂದಕ್ಕೆ ನವಿ ಮುಂಬೈನ ಬೇಲಾಪುರದ ಬಡಾವಣೆ. ಪಟ್ಟಿ ಉದ್ದ ಮಾಡಿಕೊಂಡು ಹೊರಟವರು ಗೇಟಿನ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ, ಅಷ್ಟೇ. ಕೊರಿಯಾ ಅವರ ಕೆಲಸದಲ್ಲಿ ಗೋಡೆಗಿಂತ ಗೋಡೆಗಳ ನಡುವೆ ಬಿಟ್ಟ ಬಯಲೇ ಮುಖ್ಯ, ಆ ಬಯಲು ಹೊತ್ತಿಗೊಂದು ಥರ ಕಾಣುತ್ತದೆ. ಅದಕ್ಕೇ ನಾನು ಮೊದಲು ಯಾವ ಕಟ್ಟಡಕ್ಕೆ ಯಾವ ಹೊತ್ತು ಎಂದು ಗೊತ್ತುಮಾಡಿ, ಬಸ್ಸನ್ನು ಆಮೇಲೆ ಹುಡುಕುತ್ತೇನೆ.

ಹೋಗುವ ಕಾಲ: ಅಕ್ಟೋಬರ್ ಎರಡನೇ ಅರ್ಧದಿಂದ ನವೆಂಬರ್ ಮುಗಿಯುವವರೆಗೆ. ಜುಲೈ, ಆಗಸ್ಟ್‌ನಲ್ಲಿ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟಿನಲ್ಲಿ ಮಂಜು, ಗುಂಡಿ ಎರಡೂ ಇರುತ್ತವೆ. ಏಪ್ರಿಲ್‌ನಲ್ಲಿ ಮೋಡವಿಲ್ಲದ ಬೋಳು ಆಕಾಶ. ಮೋಡ ಯಾಕೆ ಬೇಕು ಎಂಬುದು ಪುಣೆಯಲ್ಲಿ ಗೊತ್ತಾಗುತ್ತದೆ.

ಚೀಲದಲ್ಲಿ ಐದು ಮೀಟರ್ ಟೇಪು, ಎ5 ಅಳತೆಯ ಚೌಕುಳಿ ವಹಿ, ಪೆನ್ಸಿಲ್, ಒಂದು ಶಾಯಿ ಪೆನ್ನು, ಆಧಾರ್ ಕಾರ್ಡು. ವಹಿಯ ಚೌಕ 5 ಮಿಲಿಮೀಟರಿನದಿರಲಿ. 1:100ರಲ್ಲಿ, ಅಂದರೆ ಅಳೆದದ್ದನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿ ಬರೆಯುವಾಗ, ಎರಡು ಚೌಕಕ್ಕೆ ಒಂದು ಮೀಟರ್, ಲೆಕ್ಕ ಬಾಯಲ್ಲೇ ಆಗುತ್ತದೆ. ಎಲ್ಲ ಕಡೆ ಟೇಪು ಬಿಚ್ಚಲು ಬಿಡುವುದಿಲ್ಲ, ಆದ್ದರಿಂದ ಹೊರಡುವ ಮುಂಚೆ ಮನೆ ಮುಂದೆ 20 ಮೀಟರ್ ಅಳೆದು ಸಹಜವಾಗಿ ನಡೆದು ಹೆಜ್ಜೆ ಎಣಿಸಿಕೊಳ್ಳಿ. 27 ಹೆಜ್ಜೆ ಬಂದರೆ ಒಂದು ಹೆಜ್ಜೆಗೆ ಸುಮಾರು 74 ಸೆಂಟಿಮೀಟರ್.

ಭಾನುವಾರ ಬೆಳಿಗ್ಗೆ ಜಾಂಬೋಟಿ, ಕಣಕುಂಬಿ ದಾರಿಯಲ್ಲಿ ಪಣಜಿಗೆ ಹೊರಡುವುದು. ಕಂಪಾಲ್‌ನಲ್ಲಿ ಮಾಂಡೋವಿ ದಂಡೆಯ ಮೇಲಿರುವ ಕಲಾ ಅಕಾಡೆಮಿಯ ಕೆಲಸ ನಡೆದದ್ದು 1973ರಿಂದ 1983ರವರೆಗೆ. ನವೀಕರಣಕ್ಕೆಂದು 2021ರಲ್ಲಿ ಮುಚ್ಚಿ 2023ರ ನವೆಂಬರ್‌ನಲ್ಲಿ ತೆರೆದಿದ್ದಾರೆ, ಹಾಗಾಗಿ ಹಳೆಯ ಫೋಟೊಗಳ ಜೊತೆ ಹೋಲಿಸುತ್ತಾ ನಡೆಯುವುದು ಒಳ್ಳೆಯದು. ಸಂಜೆ 4ರ ನಂತರ ಹೋಗಿ ಮುಂಬದಿಯ ಪರ್ಗೋಲಾ (ತೊಲೆಗಳ ತೆರೆದ ಚಪ್ಪರ) ಕೆಳಗೆ ನಿಂತು ನದಿಯ ಕಡೆ ನೋಡಿ. ಬಾಗಿಲು ಎಲ್ಲಿ ಮುಗಿಯಿತು, ಒಳಗು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗುವುದಿಲ್ಲ. ನಮ್ಮ ಮನೆಗಳ ಕಟ್ಟೆ, ಪಡಸಾಲೆಯ ಹಾಗೆಯೇ. ರಂಗಮಂದಿರದ ಒಳಗೆ ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡಾ ಬರೆದ ಪ್ರೇಕ್ಷಕರ ಚಿತ್ರಗಳಿವೆ. ಕಾರ್ಯಕ್ರಮ ಇಲ್ಲದ ದಿನ ಅದು ಬೀಗ ಹಾಕಿದ ಕೋಣೆ. ಕಾವಲುಗಾರರ ಕೈಕಾಲು ಹಿಡಿಯುವ ಬದಲು ಅಂದಿನ ನಾಟಕಕ್ಕೋ ತಿಯಾತ್ರಕ್ಕೋ (ಗೋವಾದ ಕೊಂಕಣಿ ನಾಟಕ) ಟಿಕೀಟು ತೆಗೆಸಿ ಒಳಗೆ ಕೂರುವುದು ಸುಲಭ. ರಾತ್ರಿ ಬಸ್ಸಿನಲ್ಲಿ ಪುಣೆ. ಬಹಳಷ್ಟು ಬಸ್ಸುಗಳು ಊರೊಳಗೆ ಬರದೆ ಬೈಪಾಸಿನಲ್ಲೇ ಇಳಿಸುತ್ತವೆ. ಕಾತ್ರಜ್ ಬಿಟ್ಟು ಚಾಂದಣಿ ಚೌಕದಲ್ಲಿ ಇಳಿದರೆ ವಿಶ್ವವಿದ್ಯಾಲಯ ಹತ್ತಿರ.

ಆಯುಕಾ ಅಂದರೆ ಖಗೋಳ ವಿಜ್ಞಾನದ ಅಂತರ ವಿಶ್ವವಿದ್ಯಾಲಯ ಕೇಂದ್ರ. ಅದು ಜನ ಕೂತು ಕೆಲಸ ಮಾಡುವ ಜಾಗ, ಪ್ರೇಕ್ಷಣೀಯ ಸ್ಥಳವಲ್ಲ. ಹೆಸರು, ತಾರೀಖು, ಉದ್ದೇಶ ಬರೆದು ಮುಂಚೆಯೇ ಈಮೇಲ್ ಮಾಡಿ ಅನುಮತಿ ಪಡೆಯಬೇಕು, ಸೋಮವಾರ ಇಟ್ಟುಕೊಳ್ಳುವುದೂ ಇದಕ್ಕೇ. ಅನುಮತಿಯ ರಗಳೆ ಬೇಡವೆಂದರೆ ಫೆಬ್ರುವರಿ 28ರ ವಿಜ್ಞಾನ ದಿನ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತಾರೆ, ಆದರೆ ಶಾಲೆ ಮಕ್ಕಳ ಗದ್ದಲದಲ್ಲಿ ಬಯಲು ಬಯಲಾಗಿ ಕಾಣುವುದಿಲ್ಲ.

ಇಲ್ಲಿ ಒಂದು ಗೋಡೆಯ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಕೆಳಗೆ ಒರಟು ಕರಿಕಲ್ಲು, ನಮ್ಮ ಕಡೆಯ ನೆಲದಲ್ಲೂ ಸಿಗುವ ಬಸಾಲ್ಟ್. ಅದರ ಮೇಲೆ ಇನ್ನಷ್ಟು ಕಪ್ಪಾದ ಕಡಪಾ, ಅಡುಗೆಮನೆ ಕಟ್ಟೆಗೆ ಹಾಕಿಸುತ್ತೇವಲ್ಲ, ಅದೇ. ತುದಿಯಲ್ಲಿ ಹೊಳಪು ಹಾಕಿದ ಕಪ್ಪು ಗ್ರಾನೈಟ್. ಮೋಡ ತೇಲುವಾಗ ಗ್ರಾನೈಟಿನಲ್ಲಿ ಆಕಾಶ ಮೂಡಿ, ಗೋಡೆಯ ತುದಿ ಎಲ್ಲಿ ಎಂದು ಕಣ್ಣು ತಪ್ಪುತ್ತದೆ. ಮೋಡವಿಲ್ಲದ ದಿನ ಅದು ಬರೀ ಕರಿಗೋಡೆ. ಮಧ್ಯಾಹ್ನ 12ಕ್ಕೆ ಹೋದರೆ ಫೋನು ಆಕಾಶದ ಬೆಳಕಿಗೆ ಹೊಂದಿಕೊಂಡು ಮೂರೂ ಕಲ್ಲನ್ನು ಒಂದೇ ಮಸಿಯಾಗಿಸುತ್ತದೆ. ಪರದೆಯ ಮೇಲೆ ಕಡಪಾ ಇರುವಲ್ಲಿ ಬೆರಳಿಟ್ಟು ತೆಗೆಯಿರಿ, ಇಲ್ಲವೇ 4 ಗಂಟೆಗೆ ಹೋಗಿ. ನಡುವಿನ ಅಂಗಳ ಪುಷ್ಕರಣಿಯ ಹಾಗೆ ತಗ್ಗಿನಲ್ಲಿದೆ. ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೀನ್ ಅಲ್ಲಿ ಮೂರ್ತಿಗಳಾಗಿದ್ದಾರೆ. ಗುಮ್ಮಟದಲ್ಲಿ ಕೊರೆದ ತೂತುಗಳು ಶಂಕುಸ್ಥಾಪನೆಯ ದಿನದ ನಕ್ಷತ್ರಗಳ ಸ್ಥಾನ ತೋರಿಸುತ್ತವೆ. ಗೋಳಗುಮ್ಮಟ ಕಂಡವರಿಗೆ ಇದು ಬಲು ಸಣ್ಣದು. ಇಲ್ಲಿ ನೋಡಬೇಕಾದ್ದು ಗಾತ್ರವಲ್ಲ, ಬೆಳಕಿಂಡಿಯನ್ನು ಎಷ್ಟು ದೂರ ಒಯ್ದಿದ್ದಾರೆ ಎಂಬುದು.

ಮಂಗಳವಾರ ಬೆಳಿಗ್ಗೆ ಬೇಲಾಪುರ. ರಿಕ್ಷಾದವರಿಗೆ ಕೊರಿಯಾ ಹೆಸರು ಹೇಳಿದರೆ ತಿಳಿಯುವುದಿಲ್ಲ, ಸೆಕ್ಟರ್ 8ರ ‘ಆರ್ಟಿಸ್ಟ್ ವಿಲೇಜ್’ ಅನ್ನಬೇಕು. 1983–86ರಲ್ಲಿ ಕಟ್ಟಿದ ಈ ಬಡಾವಣೆಯ ಲೆಕ್ಕ ಚೆಂದ: ಏಳು ಮನೆಗೆ 8×8 ಮೀಟರಿನ ಒಂದು ಅಂಗಳ, ಅಂಥ ಮೂರು ಗುಂಪು, ಅಂದರೆ 21 ಮನೆ ಸೇರಿದಲ್ಲಿ 12×12 ಮೀಟರಿನ ದೊಡ್ಡ ಅಂಗಳ. ನಿವೇಶನಗಳು 45ರಿಂದ 75 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಒಂದು ಗುಂಟೆಯೂ ಇಲ್ಲ. ಮನೆಮನೆಗೂ ಸ್ವಂತ ಗೋಡೆ ಇರುವುದರಿಂದ ದುಡ್ಡು ಬಂದಾಗ ಯಾರನ್ನೂ ಕೇಳದೆ ಬೆಳೆಸಬಹುದು. ಪೈಪಿನ ಖರ್ಚು ಉಳಿಸಲು ಶೌಚಾಲಯಗಳನ್ನು ಮಾತ್ರ ಅಕ್ಕಪಕ್ಕ ಜೋಡಿಸಿದ್ದಾರೆ.

ಎಡವಟ್ಟು ಆಗುವುದು ಇಲ್ಲೇ. ಪುಸ್ತಕದಲ್ಲಿ ಕಂಡ ಇಳಿಜಾರು ಹೆಂಚಿನ ಮನೆಗಳನ್ನು ಹುಡುಕುತ್ತಾ ಹೋದವರಿಗೆ ಆರ್‌ಸಿಸಿ ಮಾಳಿಗೆಗಳು ಎದುರಾಗುತ್ತವೆ, ಎಲ್ಲ ಕೆಡಿಸಿಬಿಟ್ಟರು ಎಂದು ಬೈದುಕೊಂಡು ಬರುತ್ತಾರೆ. ಬೆಳೆಯಲೆಂದೇ ಕೊಟ್ಟ ಮನೆ ಬೆಳೆದರೆ ಬೈಯುವುದೇಕೆ? ಮನೆ ಬಿಟ್ಟು ಅಂಗಳ ಅಳೆಯಿರಿ: 11 ಹೆಜ್ಜೆ ಬಂತೋ, ಯಾರದಾದರೂ ಮೆಟ್ಟಿಲು ಒತ್ತಿ 9ಕ್ಕೆ ಇಳಿಯಿತೋ? 8 ಮೀಟರ್ ಅಂದರೆ ವಹಿಯಲ್ಲಿ 16 ಚೌಕ. ಮೆಟ್ಟಿಲು, ಸ್ಕೂಟರ್, ತುಳಸಿಕಟ್ಟೆ ಎಲ್ಲವನ್ನೂ ಗುರುತಿಸಿ. ಫೋನಿನ 0.5 ಲೆನ್ಸ್ (ಅಗಲ ನೋಟದ್ದು) ಮುಟ್ಟಬೇಡಿ, ಸಣ್ಣ ಅಂಗಳ ಮೈದಾನವಾಗಿ ಕಾಣುತ್ತದೆ. ಅಂಗಳ ಅಲ್ಲಿಯವರ ಮನೆಯ ಭಾಗ, ಆದ್ದರಿಂದ ಮೊದಲು ಕೇಳಬೇಕು. ಬೆಳಗಾವಿಯವರ ಮರಾಠಿ ಇಲ್ಲಿ ಉಪಯೋಗಕ್ಕೆ ಬರುತ್ತದೆ: ‘ಕಾಕಾ, ಅಂಗಣ ಬಘೂ ಕಾ?’ (ಕಾಕಾ, ಅಂಗಳ ನೋಡಲೇ?)

ಹೊತ್ತು ಉಳಿದರೆ ಮುಂಬೈಗೆ ಹೋಗಿ ಕೊರಿಯಾ ಅವರದೇ ಕಾಂಚನಜುಂಗಾ ವಸತಿ ಗೋಪುರವನ್ನು (1983) ರಸ್ತೆಯಿಂದ ನೋಡಬಹುದು. 21 ಮೀಟರ್ ಚೌಕ, 84 ಮೀಟರ್ ಎತ್ತರ. 1:500ರಲ್ಲಿ ವಹಿಯ ಒಂದೇ ಪುಟದಲ್ಲಿ ಕೂರುತ್ತದೆ. ಒಳಗೆ ಬಿಡುವ ಆಸೆ ಬೇಡ.

ವಾಪಸು ಬಸ್ಸಿಗೆ ಕಳಂಬೋಲಿಯಲ್ಲಿ ಕಾಯಬೇಕು. ಮುಂಬೈನಿಂದ ಬರುವ ಬಸ್ಸು ತಡವಾಗುವುದೇ ಹೆಚ್ಚು. ಆ ಹೊತ್ತಿನಲ್ಲಿ ಅಳತೆಗಳಿಗೆಲ್ಲ ಶಾಯಿ ಹಾಕಿ ಮುಗಿಸಿ. ಪೆನ್ಸಿಲ್ ಅಂಕಿ ಚೀಲದಲ್ಲಿ ಉಜ್ಜಿ ಮಸುಕಾದರೆ ಬೆಳಗಾವಿಗೆ ಬಂದಮೇಲೆ 11 ಯಾವುದು, 17 ಯಾವುದು ಗೊತ್ತಾಗುವುದಿಲ್ಲ.