ಬೆಲ್ಟ್ ನಿಂತಿತು, ಸೂಟ್‌ಕೇಸ್ ಬರಲಿಲ್ಲ: ಪರದೇಶದಲ್ಲಿ ಲಗೇಜ್ ಕೈತಪ್ಪಿದರೆ ಏನು ಮಾಡಬೇಕು?

ಜರ್ಮನಿಯ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣ, ಶನಿವಾರ ಸಂಜೆ. ನಮ್ಮ ಜೊತೆ ಬಂದವರೆಲ್ಲ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋಗಿದ್ದರು. ಬೆಲ್ಟಿನ ಮೇಲೆ ಯಾರದೋ ಮಗುವಿನ ತಳ್ಳುಗಾಡಿ ಒಂದೇ ಸುತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆಲ್ಟೇ ನಿಂತಿತು. ಅಮ್ಮನ ಕಂದು ಸೂಟ್‌ಕೇಸ್ ಬರಲೇ ಇಲ್ಲ.

ತಂಗಿಯ ಬಾಣಂತನಕ್ಕೆಂದು ಅಮ್ಮನನ್ನು ಬೆಂಗಳೂರಿನಿಂದ ಕರೆದುಕೊಂಡು ಹೋಗಿದ್ದೆ. ಆ ಪೆಟ್ಟಿಗೆಯಲ್ಲಿ ಕೂಸಿಗೆ ಸುತ್ತಲು ಒಗೆದೊಗೆದು ಮೆತ್ತಗಾದ ಹಳೆ ಕಾಟನ್ ಸೀರೆಗಳಿದ್ದವು. ಅಮ್ಮ ಕೈಯಲ್ಲೇ ಹೊಲಿದ ಕುಲಾವಿ ಇತ್ತು. ಒಣಶುಂಠಿ ಪುಡಿ, ಮೆಂತ್ಯ, ಜೊತೆಗೆ ಅಮ್ಮನ ಮೂರು ತಿಂಗಳ ಬಿಪಿ ಮಾತ್ರೆ. "ಮನೆಗೆ ಹೋಗಿ ಫೋನ್ ಮಾಡಿದ್ರಾಯ್ತು ಬಾರೇ, ಅಳಿಯಂದ್ರು ಹೊರಗೆ ಕಾಯ್ತಿದ್ದಾರೆ" ಅಂದರು ಅಮ್ಮ.

ಹಾಗೆ ಹೊರಟುಬಿಟ್ಟಿದ್ದರೆ ಕೆಲಸ ಕೆಡುತ್ತಿತ್ತು. ಲಗೇಜ್ ವಿಷಯದಲ್ಲಿ ಬಾಯಿಮಾತು ಎಲ್ಲೂ ನಿಲ್ಲುವುದಿಲ್ಲ. ಬರವಣಿಗೆಯಲ್ಲಿ ದೂರು ಬೇಕು, ಅದೂ ಹೊತ್ತು ಮೀರುವ ಮೊದಲೇ. ಮಕ್ಕಳ ಮನೆಗೆಂದು ಮೊದಲ ಸಲ ವಿಮಾನ ಹತ್ತುವ ನಮ್ಮ ಕಡೆಯ ಎಷ್ಟೋ ಅಪ್ಪ-ಅಮ್ಮಂದಿರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಅವರಿಗಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಬಾಗಿಲು ದಾಟಬೇಡಿ

ಮೊದಲು ಸುತ್ತ ಒಮ್ಮೆ ನೋಡಿ. ಹಗ್ಗ ಕಟ್ಟಿದ ರಟ್ಟಿನ ಡಬ್ಬ, ತೀರಾ ದೊಡ್ಡ ಗಂಟು ಇಂಥವು ಮಾಮೂಲಿ ಬೆಲ್ಟಿಗೆ ಬಾರದೆ, ದೊಡ್ಡ ಸಾಮಾನಿಗೆಂದೇ ಇರುವ ಬೇರೆ ಜಾಗಕ್ಕೆ ಬರುತ್ತವೆ. ಮುಂದಿನ ವಿಮಾನದ ಪೆಟ್ಟಿಗೆಗಳಿಗೆ ಜಾಗ ಮಾಡಲು ನಿಮ್ಮದನ್ನು ಕೆಳಗಿಳಿಸಿ ಪಕ್ಕದಲ್ಲಿ ಇಟ್ಟಿರಲೂಬಹುದು. ಅಲ್ಲೆಲ್ಲೂ ಇಲ್ಲ ಅಂದರೆ, ಕಸ್ಟಮ್ಸ್ ದಾಟುವ ಮೊದಲೇ ವಿಮಾನ ಕಂಪನಿಯ ಬ್ಯಾಗೇಜ್ ಕೌಂಟರಿಗೆ ಹೋಗಿ. ಬ್ಯಾಗೇಜ್ ಸರ್ವಿಸ್ ಅಂತಲೋ, ಲಾಸ್ಟ್ ಅಂಡ್ ಫೌಂಡ್ ಅಂತಲೋ ಬೋರ್ಡು ಇರುತ್ತದೆ. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬರುವುದು ಕಷ್ಟ.

ಎರಡು ಕಂಪನಿಗಳ ವಿಮಾನ ಬದಲಾಯಿಸಿ ಬಂದಿದ್ದರೆ, ಕೊನೆಯದಾಗಿ ಯಾರ ವಿಮಾನದಲ್ಲಿ ಇಳಿದಿರೋ ಅವರ ಕೌಂಟರಿಗೇ ಹೋಗಬೇಕು. "ತಪ್ಪು ನಮ್ಮದಲ್ಲ, ಮೊದಲಿನವರದ್ದು" ಎಂದು ಅಲ್ಲಿ ಯಾರಾದರೂ ಅಂದರೂ ದೂರು ಬರೆಸದೆ ಬರಬೇಡಿ.

ಅಲ್ಲಿ ಬರೆಸುವ ದೂರಿಗೆ ಪ್ರಾಪರ್ಟಿ ಇರ್ರೆಗ್ಯುಲಾರಿಟಿ ರಿಪೋರ್ಟ್, ಚಿಕ್ಕದಾಗಿ ಪಿಐಆರ್ ಎನ್ನುತ್ತಾರೆ. ಅದರ ನಂಬರಿನಲ್ಲಿ ಹತ್ತು ಅಕ್ಷರ-ಅಂಕಿಗಳಿರುತ್ತವೆ. ಮೊದಲ ಮೂರು ಆ ವಿಮಾನ ನಿಲ್ದಾಣದ್ದು. ಫ್ರಾಂಕ್‌ಫರ್ಟ್ ಆದರೆ ಎಫ್‌ಆರ್‌ಎ. ಮುಂದಿನ ಎರಡು ಕಂಪನಿಯದ್ದು. ಕೊನೆಯ ಐದು ನಿಮ್ಮ ದೂರಿನದು. ಈ ನಂಬರ್ ಕೈಗೆ ಸಿಗುವ ತನಕ ಕೌಂಟರ್ ಬಿಡಬೇಡಿ. ಮುಂದಿನ ಹುಡುಕಾಟ, ಪರಿಹಾರ, ವಿಮೆ ಎಲ್ಲವೂ ನಿಂತಿರುವುದು ಇದರ ಮೇಲೆ.

ಕೌಂಟರಿನಲ್ಲಿ ಏನು ಕೇಳುತ್ತಾರೆ?

ಮೊದಲು ಕೇಳುವುದು ಬ್ಯಾಗ್ ಟ್ಯಾಗಿನ ಚೀಟಿ. ಬೆಂಗಳೂರಿನಲ್ಲಿ ಚೆಕ್-ಇನ್ ಮಾಡುವಾಗ ಬೋರ್ಡಿಂಗ್ ಪಾಸಿನ ಹಿಂದೆ ಒಂದು ಚಿಕ್ಕ ಸ್ಟಿಕ್ಕರ್ ಅಂಟಿಸಿ ಕೊಡುತ್ತಾರಲ್ಲ, ಅದೇ. ಅದರಲ್ಲಿರುವ ಹತ್ತು ಅಂಕಿಯೇ ನಿಮ್ಮ ಪೆಟ್ಟಿಗೆಯ ಗುರುತು. ಎಷ್ಟೋ ಜನ ಕಸ ಅಂದುಕೊಂಡು ವಿಮಾನದಲ್ಲೇ ಬಿಟ್ಟು ಬರುತ್ತಾರೆ. ಅಂಟಿಸಿಕೊಟ್ಟ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಆಮೇಲೆ ಒಂದು ಚಿತ್ರದ ಹಾಳೆ ತೋರಿಸುತ್ತಾರೆ. ಪ್ರಪಂಚದ ಬಹುತೇಕ ಕಡೆ ಇದೇ ಹಾಳೆ. ಮೇಲೆ ಬಣ್ಣಗಳ ಪಟ್ಟಿ, ಕೆಳಗೆ ಬಗೆಬಗೆಯ ಪೆಟ್ಟಿಗೆಗಳ ಚಿತ್ರ, ಪ್ರತಿಯೊಂದಕ್ಕೂ ಒಂದು ನಂಬರ್. ಗಟ್ಟಿ ಮೈಯದೋ ಬಟ್ಟೆಯದೋ, ಚಕ್ರ ಇದೆಯೋ ಇಲ್ಲವೋ ನೋಡಿ ಬೆರಳಿಟ್ಟು ತೋರಿಸಬೇಕು. ಇಂಗ್ಲಿಷ್ ಅಷ್ಟಾಗಿ ಬಾರದವರೂ ತೋರಿಸಬಹುದು.

ಅಮ್ಮ ಎದುರಿಗಿದ್ದ ಹುಡುಗಿಗೆ "ಕೆಂಪು ರಿಬ್ಬನ್ ಕಟ್ಟಿದ್ದೀನಿ" ಅಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಬೇಸರಪಡದೆ ಮತ್ತೇನಾದರೂ ಗುರುತು ಇದೆಯಾ ಎಂದು ಕೇಳಿದಳು. ಕೆಂಪು ರಿಬ್ಬನ್ ಕಟ್ಟಿದ ಪೆಟ್ಟಿಗೆ ಅವಳು ದಿನವೂ ನೋಡುತ್ತಾಳೆ, ಅಲ್ವಾ? ಆಗ ಅಮ್ಮನಿಗೆ ನೆನಪಾಯಿತು. ಹಿಡಿ ಕೈಗೆ ಒತ್ತುತ್ತದೆ ಎಂದು ಹಳೆ ಇಳಕಲ್ ಸೀರೆಯ ತುಂಡೊಂದನ್ನು ಅದಕ್ಕೆ ಸುತ್ತಿ ಹೊಲಿದಿದ್ದರು. ಅದನ್ನೇ ಬರೆಸಿದೆವು: ಹಿಡಿಗೆ ಸುತ್ತಿದ ಮರೂನ್ ಬಟ್ಟೆ, ಬಿಳಿ ಗೆರೆ. ಒಳಗೆ ಮೇಲ್ಗಡೆಯೇ ಏನಿದೆ ಎಂದೂ ಕೇಳುತ್ತಾರೆ. ಟ್ಯಾಗ್ ಹರಿದುಹೋಗಿದ್ದರೆ ಪೆಟ್ಟಿಗೆ ತೆರೆದು ನೋಡಿ ಪತ್ತೆ ಮಾಡುವುದು ಅದರಿಂದಲೇ. "ಬಟ್ಟೆ" ಅಂದರೆ ಏನೂ ಉಪಯೋಗವಿಲ್ಲ. "ಕೂಸಿನ ಹಳದಿ ಟೋಪಿ, ಸ್ಟೀಲ್ ಡಬ್ಬಿಯಲ್ಲಿ ಕಂದು ಪುಡಿ" ಅನ್ನಿ.

ಮುಂದಿನ ನಾಲ್ಕೈದು ದಿನ ನಿಜವಾಗಿ ಎಲ್ಲಿರುತ್ತೀರೋ ಆ ವಿಳಾಸ ಕೊಡಿ. ಊರೂರು ಸುತ್ತುವ ಪ್ರವಾಸ ಆದರೆ ಯಾವ ದಿನ ಯಾವ ಹೋಟೆಲ್ ಎಂದು ತಾರೀಖು ಸಮೇತ ಬರೆಸಿ. ಅಲ್ಲಿ ಕೆಲಸ ಮಾಡುವ ಫೋನ್ ನಂಬರೇ ಇರಲಿ. ಊರಿನ ಸಿಮ್ ಆಫ್ ಆಗಿದ್ದರೆ ಅವರು ಎಷ್ಟು ಸಲ ಕರೆ ಮಾಡಿದರೂ ದಂಡ. ಬೀಗ ಹಾಕಿದ್ದರೆ ಕಸ್ಟಮ್ಸ್ ತಪಾಸಣೆಗೆಂದು ಬೀಗದ ನಂಬರ್ ಅಥವಾ ಕೀ ಕೇಳಬಹುದು, ಒಂದು ಫಾರ್ಮಿಗೆ ಸಹಿಯನ್ನೂ ಕೇಳಬಹುದು. ಹೆದರಬೇಡಿ. ನೀವು ಜೊತೆಗಿಲ್ಲದೆ ಬರುವ ಪೆಟ್ಟಿಗೆಯನ್ನು ಅವರು ತೆರೆದು ನೋಡುವುದುಂಟು. ತುಪ್ಪ, ಪೇಡ, ಖೋವಾ ಇಟ್ಟಿದ್ದರೆ ಮಾತ್ರ ಅವು ಹೋದವು ಅಂತಲೇ ತಿಳಿಯಿರಿ. ಹೊರದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ.

ಪೆಟ್ಟಿಗೆ ಎಲ್ಲಿ ಹೋಗಿರುತ್ತದೆ?

ಬಹಳ ಸಲ ಅದು ಎಲ್ಲೂ ಹೋಗಿರುವುದಿಲ್ಲ, ನಡುವಿನ ನಿಲ್ದಾಣದಲ್ಲೇ ಕೂತಿರುತ್ತದೆ. ನಮಗೆ ಗಲ್ಫ್‌ನಲ್ಲಿ ವಿಮಾನ ಬದಲಿಸಲು ಸಿಕ್ಕಿದ್ದು ಬರೀ 1 ಗಂಟೆ 10 ನಿಮಿಷ. ನಾವು ಓಡಿ ವಿಮಾನ ಹಿಡಿದೆವು. ಪೆಟ್ಟಿಗೆಗೆ ಹೊತ್ತು ಸಾಲಲಿಲ್ಲ.

ಕೌಂಟರಿನಲ್ಲಿ ಈ ಒಂದು ಪ್ರಶ್ನೆ ತಪ್ಪದೆ ಕೇಳಿ: "ಕೊನೆಯ ಸ್ಕ್ಯಾನ್ ಎಲ್ಲಿ ಆಗಿದೆ?" ವಿಮಾನ ಕಂಪನಿಗಳ ಸಂಸ್ಥೆಯಾದ ಐಯಾಟಾದ ನಿಯಮದಂತೆ 2018ರ ಜೂನ್‌ನಿಂದ ಪೆಟ್ಟಿಗೆಯ ದಾರಿಯನ್ನು ನಾಲ್ಕು ಕಡೆ ದಾಖಲಿಸಬೇಕು: ನಿಮ್ಮಿಂದ ತೆಗೆದುಕೊಂಡಾಗ, ವಿಮಾನಕ್ಕೆ ಏರಿಸಿದಾಗ, ಬೇರೆ ವಿಮಾನಕ್ಕೆ ದಾಟಿಸುವಾಗ, ಮರಳಿ ನಿಮಗೆ ಕೊಡುವಾಗ. ಕೊನೆಯ ದಾಖಲೆ ಗೊತ್ತಾದರೆ ಅರ್ಧ ಆತಂಕ ಕಡಿಮೆ. ವರ್ಲ್ಡ್‌ಟ್ರೇಸರ್ ಎಂಬ ವ್ಯವಸ್ಥೆಯಲ್ಲಿ ಪಿಐಆರ್ ನಂಬರ್ ಮತ್ತು ಹೆಸರು ಹಾಕಿ ಮನೆಯಿಂದಲೇ ನೋಡುತ್ತಿರಬಹುದು.

ಏರ್‌ಟ್ಯಾಗ್‌ನಂಥ ಪತ್ತೆ ಸಾಧನ ಒಳಗಿದ್ದರೆ ಇನ್ನೂ ಒಳ್ಳೆಯದು. ಅದು ತೋರಿಸುವ ಜಾಗವನ್ನು ವಿಮಾನ ಕಂಪನಿಗೇ ಲಿಂಕ್ ಮಾಡಿ ಕಳಿಸುವ ಸೌಲಭ್ಯವನ್ನು ಆ್ಯಪಲ್ 2024ರ ಕೊನೆಯಲ್ಲಿ ಕೊಟ್ಟಿದೆ. ಹಲವು ಕಂಪನಿಗಳು ಅದನ್ನು ಒಪ್ಪುತ್ತವೆ.

ಮೊದಲ ಎರಡು ದಿನ

ಪೆಟ್ಟಿಗೆ ಬರುವ ತನಕ ಬೇಕೇಬೇಕಾದ್ದನ್ನು ಕೊಂಡರೆ ಆ ಖರ್ಚು ಕೊಡುವ ಹೊಣೆ ವಿಮಾನ ಕಂಪನಿಯದು. ಒಳಉಡುಪು, ಹಲ್ಲುಜ್ಜುವ ಬ್ರಷ್, ಒಂದೆರಡು ಜೊತೆ ಬಟ್ಟೆ, ಚಳಿಗಾಲವಾದರೆ ಸ್ವೆಟರ್. ಎಲ್ಲದಕ್ಕೂ ಬಿಲ್ ಇಟ್ಟುಕೊಳ್ಳಿ. ಯುರೋಪಿನ ಬಿಲ್ ಕಾಗದ ಎಷ್ಟೋ ಸಲ ವಾರಗಳಲ್ಲೇ ಮಾಸಿಹೋಗುತ್ತದೆ, ಅವತ್ತೇ ಫೋಟೋ ತೆಗೆಯಿರಿ.

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆ ಇಳಿದ ನಮಗೆ ಇದು ದೊಡ್ಡ ತೊಡಕು. ವಿಮಾನ ನಿಲ್ದಾಣದ ಒಳಗಿನ ಮತ್ತು ದೊಡ್ಡ ರೈಲು ನಿಲ್ದಾಣದ ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ ಎಂದು ತಂಗಿಯ ಗಂಡ ಹೇಳಿದರು, ಅಲ್ಲೇ ಕೊಂಡೆವು.

ಮಾತ್ರೆಯದ್ದೇ ನಿಜವಾದ ಕಷ್ಟ. ಅಮ್ಮನ ಕೈಚೀಲದಲ್ಲಿ ಅರ್ಧ ಸ್ಟ್ರಿಪ್ ಬಿಪಿ ಮಾತ್ರೆ ಇತ್ತು, ಅಷ್ಟೇ. ಅಲ್ಲಿನ ಔಷಧದ ಅಂಗಡಿಗೆ ಅಪೊಟೇಕ ಎನ್ನುತ್ತಾರೆ, ಕೆಂಪು ಬಣ್ಣದ ದೊಡ್ಡ 'ಎ' ಅಕ್ಷರದ ಬೋರ್ಡು. ಬಿಪಿ ಮಾತ್ರೆಯನ್ನು ಡಾಕ್ಟರ್ ಚೀಟಿ ಇಲ್ಲದೆ ಕೊಡುವುದಿಲ್ಲ. ನಮ್ಮೂರಿನ ಬ್ರಾಂಡ್ ಹೆಸರು ಹೇಳಿದರೂ ಅವರಿಗೆ ತಿಳಿಯುವುದಿಲ್ಲ. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಹೀಗೆ ಒಳಗಿರುವ ಮದ್ದಿನ ಹೆಸರು, ಎಷ್ಟು ಮಿಲಿಗ್ರಾಂ ಎನ್ನುವುದು ಬೇಕು. ದಯವಿಟ್ಟು, ಕಡೇ ಪಕ್ಷ ಎರಡು ವಾರದ ಮಾತ್ರೆ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಅಂತೂ ಪೂರ್ತಿ ಕೈಚೀಲದಲ್ಲೇ ಇರಬೇಕು. ಕೆಳಗಿನ ಸರಕು ಜಾಗದ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು.

ಒಡೆದು ಬಂದರೆ, ಬಾರದೇ ಹೋದರೆ

ಅಂತರರಾಷ್ಟ್ರೀಯ ವಿಮಾನಗಳ ಲಗೇಜಿಗೆ ಬಹುಪಾಲು ದೇಶಗಳಲ್ಲಿ ನಡೆಯುವುದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತವೂ 2009ರಿಂದ ಅದರಲ್ಲಿದೆ. ನೀವು ನೆನಪಿಡಬೇಕಾದ ದಿನಗಳು ಅದರಲ್ಲಿವೆ.

ಚಕ್ರ ಮುರಿದು, ಮೈ ಬಿರಿದು ಬಂದಿದ್ದರೆ ಪೆಟ್ಟಿಗೆ ಕೈಗೆ ಬಂದ 7 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಆದರೆ 7 ದಿನ ಇದೆಯಲ್ಲ ಎಂದು ಕಾಯಬೇಡಿ. ಕೌಂಟರಿನಲ್ಲೇ ತೋರಿಸಿದರೆ ವಾದ ಇರುವುದಿಲ್ಲ. ಮನೆಗೆ ಹೋದ ಮೇಲೆ ಹೇಳಿದರೆ, ದಾರಿಯಲ್ಲಿ ಒಡೆದಿರಬಹುದಲ್ಲ ಅನ್ನುತ್ತಾರೆ. ತಡವಾಗಿ ಬಂದಿದ್ದರೆ, ಬಂದ ದಿನದಿಂದ 21 ದಿನದೊಳಗೆ ಖರ್ಚಿನ ದೂರು ಬರೆಯಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಅದು ಕಳೆದುಹೋದ ಲೆಕ್ಕ, ಪೂರ್ತಿ ಪರಿಹಾರ ಕೇಳಬಹುದು. ಕೋರ್ಟಿಗೆ ಹೋಗುವುದಾದರೆ 2 ವರ್ಷದ ಗಡುವು. ಪಿಐಆರ್ ಬರೆಸಿದ್ದು ಹುಡುಕುವುದಕ್ಕೆ. ಹಣ ಕೇಳುವ ಅರ್ಜಿ ಬೇರೆ, ಅದನ್ನು ಮತ್ತೆ ಬರೆಯಬೇಕು. ಬಹಳ ಜನ ಎಡವುವುದು ಇಲ್ಲೇ.

ಎಷ್ಟು ಸಿಗುತ್ತದೆ? 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ ಹೆಚ್ಚೆಂದರೆ 1,519 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಇಷ್ಟಕ್ಕೆ ಸುಮಾರು 2,000 ಡಾಲರ್ ಆಗುತ್ತದೆ. ಇದು ಮೇಲಿನ ಮಿತಿ. ಕಳೆದದ್ದರ ಬೆಲೆಯನ್ನು ನೀವು ತೋರಿಸಿದಷ್ಟೇ ಸಿಗುತ್ತದೆ. ಮಿತಿ ಪೆಟ್ಟಿಗೆಗೆ ಇಷ್ಟು ಎಂದಲ್ಲ, ತಲೆಗೆ ಇಷ್ಟು. ಗಂಡನ ಹೆಸರಿನ ಪೆಟ್ಟಿಗೆಯಲ್ಲಿ ಹೆಂಡತಿಯ ಸೀರೆಗಳಿದ್ದರೆ? ಅವರವರ ಸಾಮಾನಿಗೆ ಅವರವರು ಕೇಳಬಹುದು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರಲ್ಲಿ ಹೇಳಿದೆ. ಆದರೆ ಅದು ನಿಮ್ಮದೇ ಎಂದು ತೋರಿಸಬೇಕು. ಮನೆಯಲ್ಲಿ ಪೆಟ್ಟಿಗೆ ತುಂಬುವಾಗ ತೆಗೆದ ಒಂದು ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತದೆ.

ಪ್ರಯಾಣದ ವಿಮೆ ಇದ್ದರೆ ಅದನ್ನೂ ತೆಗೆದು ಓದಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕಡ್ಡಾಯವಾದ 30,000 ಯೂರೋ ವಿಮೆ ಆಸ್ಪತ್ರೆ ಖರ್ಚಿನದು. ಲಗೇಜಿನ ರಕ್ಷಣೆ ಅದರಲ್ಲಿದೆಯೋ ಇಲ್ಲವೋ ಎಂದು ಕೊಳ್ಳುವಾಗಲೇ ಕೇಳಿರಬೇಕು.

ಕಳವಾದರೆ, ರೈಲಿನಲ್ಲಿ ಬಿಟ್ಟರೆ

ಬೇರೆಯವರ ಪೆಟ್ಟಿಗೆ ತಂದಿದ್ದೀರಿ ಎಂದು ಗೊತ್ತಾದ ಕೂಡಲೇ ಕಂಪನಿಗೆ ಫೋನ್ ಮಾಡಿ. ಬೀಗ ತೆಗೆಯಬೇಡಿ. ಬೀದಿಯಲ್ಲೋ ಸ್ಟೇಷನ್ನಿನಲ್ಲೋ ಕಳವಾದರೆ ಪೊಲೀಸ್ ದೂರಿನ ಪ್ರತಿ ಬೇಕೇಬೇಕು, ಅದಿಲ್ಲದೆ ವಿಮೆ ಸಿಗುವುದಿಲ್ಲ. ಯುರೋಪಿನಲ್ಲಿ ತುರ್ತಿಗೆ 112. ಪಾಸ್‌ಪೋರ್ಟೂ ಹೋಗಿದ್ದರೆ ಅದೇ ಪ್ರತಿ ಹಿಡಿದು ಭಾರತದ ರಾಯಭಾರ ಕಚೇರಿಗೋ ಕಾನ್ಸುಲೇಟಿಗೋ ಹೋಗಿ. ಜರ್ಮನಿಯಲ್ಲಿ ಬರ್ಲಿನ್, ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ನಲ್ಲಿವೆ. ಹೊಸ ಪಾಸ್‌ಪೋರ್ಟಿಗೆ ಹೊತ್ತಿಲ್ಲದಿದ್ದರೆ ಊರಿಗೆ ಮರಳಲು ಮಾತ್ರ ಆಗುವ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಜರ್ಮನಿಯ ರೈಲಿನಲ್ಲಿ ಬಿಟ್ಟದ್ದಾದರೆ ರೈಲ್ವೆಯ ಆ್ಯಪ್‌ನಲ್ಲೋ ಸ್ಟೇಷನ್ನಿನಲ್ಲೋ ಬರೆಸಿ. ಯಾರೂ ಕೇಳದ ಸಾಮಾನು ಕೊನೆಗೆ ವುಪ್ಪರ್‌ಟಾಲ್ ಊರಿನ ಅವರ ಕೇಂದ್ರ ಕಚೇರಿಗೆ ಸೇರುತ್ತದೆ.

ಹೊರಡುವ ಮೊದಲು

ಹಿಂದಿನ ಪ್ರಯಾಣದ ಟ್ಯಾಗು, ಚಿಕ್ಕ ಬಾರ್‌ಕೋಡ್ ಚೀಟಿ ಎಲ್ಲ ಕಿತ್ತುಹಾಕಿ, ಯಂತ್ರ ತಪ್ಪಾಗಿ ಓದಬಹುದು. ಹೊಸ ಟ್ಯಾಗಿನ ಮೇಲೆ ಕೊನೆಯ ಊರಿನ ಮೂರಕ್ಷರ ಸರಿ ಇದೆಯೇ ನೋಡಿ. ಪೆಟ್ಟಿಗೆಯ ಒಳಗೂ ಹೆಸರು, ಹೋಗುವ ವಿಳಾಸ, ಫೋನ್ ಬರೆದ ಕಾಗದ ಇಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅಮೆರಿಕಕ್ಕೆ ಹೋಗುವವರಿಗೆ ಒಂದು ಮಾತು: ಮುಂದೆ ಇನ್ನೊಂದು ವಿಮಾನ ಇದ್ದರೂ, ಸಾಮಾನ್ಯವಾಗಿ ಅಲ್ಲಿ ಮೊದಲು ಇಳಿದ ಊರಿನಲ್ಲೇ ಪೆಟ್ಟಿಗೆ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಇದು ತಿಳಿಯದೆ ಹಾಗೇ ಮುಂದೆ ಹೋಗುವವರು ಇದ್ದಾರೆ.

ನಮ್ಮ ಪೆಟ್ಟಿಗೆ ಮಂಗಳವಾರ ಸಂಜೆ ವ್ಯಾನಿನಲ್ಲಿ ಮನೆ ಬಾಗಿಲಿಗೆ ಬಂತು. ಹಳೆ ಟ್ಯಾಗಿನ ಪಕ್ಕ 'ರಶ್', ಅಂದರೆ ತುರ್ತು, ಎಂದು ಬರೆದ ಹೊಸ ಟ್ಯಾಗ್ ಕಟ್ಟಿದ್ದರು. ಇಳಕಲ್ ತುಂಡು ಹಿಡಿಯಲ್ಲಿ ಹಾಗೇ ಇತ್ತು. ಅಮ್ಮ ಬೇರೆ ಏನನ್ನೂ ನೋಡದೆ ಕುಲಾವಿ ತೆಗೆದು ಮಗುವಿಗೆ ಹಾಕಿದರು. ಮೂರು ದಿನದ ಬಿಲ್ಲುಗಳು, ಪಿಐಆರ್, ಬೋರ್ಡಿಂಗ್ ಪಾಸು, ಬ್ಯಾಂಕ್ ಖಾತೆ ವಿವರ ಸೇರಿಸಿ ಆ ವಾರವೇ ಕಂಪನಿಗೆ ಕಳಿಸಿದೆ. ಹಣ ಬರಲು ಆರು ವಾರ ಹಿಡಿಯಿತು. ಬಿಲ್ ಇಟ್ಟಿರದ ಒಂದು ಜೊತೆ ಕಾಲುಚೀಲದ ದುಡ್ಡು ಬಿಟ್ಟು ಉಳಿದದ್ದೆಲ್ಲ ಬಂತು.