ಏಣಿ ಹತ್ತಿ ತಲೆ ಬಾಚುವವನು: ಒಂದು ಹಳೆ ಮಗ್‌ನ ಜೊತೆ ನನ್ನ ಅನುಭವ

ಇಂಗ್ಲೆಂಡಿಗೆ ಬಂದ ಮೇಲೆ ಹಳೆ ಸಾಮಾನಿನ ಸಂತೆ ಸುತ್ತುವುದು ನನಗೆ ಅಭ್ಯಾಸವಾಗಿದೆ. ಅಲ್ಲೇ ಒಂದು ದಿನ ಕೆನೆ ಬಣ್ಣದ ಮಗ್ ಕಣ್ಣಿಗೆ ಬಿತ್ತು. ಮೇಲೆ ಕಪ್ಪು ಚಿತ್ರ. ಕುರ್ಚಿಯಲ್ಲಿ ಕೂತ ಹೆಂಗಸಿನ ಕೂದಲು ಅವಳ ಮೈಗಿಂತ ಎತ್ತರ. ಅದನ್ನು ಕಟ್ಟುವವನು ಏಣಿ ಹತ್ತಿ ನಿಂತಿದ್ದಾನೆ!

ತಕ್ಷಣ ಕೊಳ್ಳಲಿಲ್ಲ. ಹಿಂದೊಮ್ಮೆ ಇಂಥದ್ದೇ ಜಗ್ ತಂದು ಮೋಸ ಹೋಗಿದ್ದೆ. ಆ ಜಗ್ಗನ್ನು ಭೂತಗನ್ನಡಿಯಲ್ಲಿ ನೋಡಿದರೆ ಚಿತ್ರದ ತುಂಬ ಒಂದೇ ಸಮನಾದ ಚುಕ್ಕೆಗಳು, ಈಗಿನ ಮುದ್ರಣ. ಹಳೆಯದರಲ್ಲಿ ಕೈಯಲ್ಲಿ ಕೊರೆದ ಗೆರೆ ಇರುತ್ತದೆ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಈ ಮಗ್‌ನಲ್ಲಿ ಹಾಗೇ ಇತ್ತು. ಟಾರ್ಚನ್ನು ಓರೆಯಾಗಿ ಹಿಡಿದೆ. ಚಿತ್ರ ಗ್ಲೇಜಿನ (ಪಾತ್ರೆಯ ಮೇಲಿನ ಗಾಜಿನಂಥ ಹೊಳಪಿನ ಲೇಪ) ಮೇಲೇ ಕೂತಿತ್ತು, ಕೈ ತಾಗಿದ ಕಡೆ ಸವೆದಿತ್ತು. ಬುಡದ ಮೂಲೆಯಲ್ಲಿ ಗ್ಲೇಜು ನಿಂತ ಕಡೆ ತುಸು ಹಳದಿ. ಅದು ನೀಲಿಯಾಗಿದ್ದರೆ ಪರ್ಲ್‌ವೇರ್, ಅಂದರೆ ನೀಲಿ ಛಾಯೆಯ ಬಿಳಿ ಮಣ್ಣಿನ ಪಾತ್ರೆ ಅನ್ನುತ್ತಿದ್ದೆ. ಇದು ಕ್ರೀಮ್‌ವೇರ್, ಅಂದರೆ ಕೆನೆ ಬಣ್ಣದ ಮಣ್ಣಿನ ಪಾತ್ರೆ.

ಇಂಥ ಚಿತ್ರ ಅಚ್ಚು ಹಾಕುವ ಕೆಲಸ ಹೀಗೆ. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಬಣ್ಣ ತುಂಬಿ, ತೆಳು ಕಾಗದಕ್ಕೋ ಅಂಟಿನ ಹಾಳೆಗೋ ಇಳಿಸಿ, ಪಾತ್ರೆಯ ಮೇಲೆ ಒತ್ತಿ ಮತ್ತೆ ಸುಡುತ್ತಿದ್ದರು. ಲಿವರ್‌ಪೂಲಿನ ಮುದ್ರಕರಾದ ಸ್ಯಾಡ್ಲರ್ ಮತ್ತು ಗ್ರೀನ್ 1756ರಲ್ಲೇ, ಆರು ಗಂಟೆಯಲ್ಲಿ 1200ಕ್ಕೂ ಹೆಚ್ಚು ಗೋಡೆ ಬಿಲ್ಲೆ (ಟೈಲ್) ಅಚ್ಚು ಹಾಕಿದ್ದೇವೆ ಎಂದು ಪ್ರಮಾಣ ಮಾಡಿದ್ದರು. 1761ರಿಂದ ಹೆಸರಾಂತ ಪಾತ್ರೆ ತಯಾರಕ ವೆಜ್‌ವುಡ್ ತನ್ನ ಪಾತ್ರೆಗಳನ್ನೂ ಅಚ್ಚು ಹಾಕಿಸಲು ಅವರ ಹತ್ತಿರ ಕಳಿಸುತ್ತಿದ್ದ.

ಆಮೇಲೆ ಕೂದಲಿನ ವಿಷಯಕ್ಕೆ ಬಂದೆ. ನಮ್ಮಲ್ಲಿ ಜಡೆಗೆ ಚೌರಿ ಸೇರಿಸುತ್ತಾರಲ್ವಾ, ಅಲ್ಲಿ ಒಳಗೆ ಮೆತ್ತೆ ಇಟ್ಟು, ಕುದುರೆ ಕೂದಲು ತುಂಬಿ, ಕೊಬ್ಬಿನ ಮುಲಾಮು ಹಚ್ಚಿ, ಮೇಲೆ ಪುಡಿ ಉದುರಿಸುತ್ತಿದ್ದರು. 1770ರ ದಶಕದ ಲಂಡನ್ನಿನಲ್ಲಿ ಇದೇ ದೊಡ್ಡ ತಮಾಷೆ. ಸ್ಟ್ರಾಂಡ್ ಬೀದಿಯಲ್ಲಿ ವ್ಯಂಗ್ಯಚಿತ್ರಗಳ ಅಂಗಡಿ ಇಟ್ಟಿದ್ದ ಡಾರ್ಲಿ ದಂಪತಿ 1771ರಲ್ಲೇ ಏಣಿಯ ಚಿತ್ರ ಹೊರತಂದಿದ್ದರು. ಬ್ರಿಟಿಷ್ ಮ್ಯೂಸಿಯಮ್ಮಿನ ಆನ್‌ಲೈನ್ ಸಂಗ್ರಹದಲ್ಲಿ ಅಂಥವನ್ನು ಒಂದೊಂದಾಗಿ ತೆಗೆದು, ಮಗ್ ಪಕ್ಕದಲ್ಲಿಟ್ಟುಕೊಂಡು ಹೋಲಿಸಿದೆ. ಗಂಡಸರನ್ನೂ ಬಿಟ್ಟಿಲ್ಲ. ಎತ್ತರದ ವಿಗ್, ಪುಟ್ಟ ಟೋಪಿ, ಬಿಗಿ ಕೋಟಿನ ಶೋಕಿಲಾಲರಿಗೆ ‘ಮ್ಯಾಕರೋನಿ’ ಅಂತಲೇ ಹೆಸರು.

ಒಂದು ಎಚ್ಚರ ಬೇಕು. ಉಡುಪು ನೋಡಿ ಹೇಳಬಹುದಾದದ್ದು ಚಿತ್ರ ಯಾವಾಗಿನದು ಅಂತ ಮಾತ್ರ. ತಗಡು ಗಟ್ಟಿಯಿದ್ದರೆ ಫ್ಯಾಷನ್ ಹೋದ ಮೇಲೂ ಅಚ್ಚು ಒತ್ತಬಹುದು. ಅದಕ್ಕೇ ಮಣ್ಣು, ಗ್ಲೇಜು, ಹಿಡಿ ಮೂರನ್ನೂ ಸೇರಿಸಿ ನೋಡುತ್ತೇನೆ.

ನನಗೆ ಜಾಸ್ತಿ ಇಷ್ಟವಾದದ್ದು ಕೆತ್ತಿದವನ ಕೈ. ಅವನು ಕೂದಲನ್ನು ಗೇಲಿ ಮಾಡಲು ಕೂತವನು. ಆದರೂ ಒಂದೊಂದು ಸುರುಳಿಗೂ ಆರೇಳು ಗೆರೆ ಎಳೆದಿದ್ದಾನೆ, ರಿಬ್ಬನ್ನಿನ ಮಡಿಕೆಗೆ ನೆರಳು ಕೊಟ್ಟಿದ್ದಾನೆ. ಏಣಿಗೆ ಮಾತ್ರ ಸುಮ್ನೆ ಎರಡು ಗೆರೆ, ನಾಲ್ಕು ಅಡ್ಡಪಟ್ಟಿ.